ಹಿತ್ತಲಲ್ಲಿ ನೀರಿಡಿ, ಕೈಯಿಡಬೇಡಿ

ಏಪ್ರಿಲ್ ಬಂತೆಂದರೆ ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಇಳಿಯುತ್ತದೆ, ಪತ್ರಿಕೆಯಲ್ಲಿ ನೀರು ಕಡಿತದ ಸುದ್ದಿ ಏರುತ್ತದೆ, ಪುಣೆಯ ಹಿತ್ತಲುಗಳಿಗೆ ಬರುವವರ ಸಂಖ್ಯೆಯೂ ಅದರ ಹಿಂದೆಯೇ ಏರುತ್ತದೆ. ಗುಡ್ಡದ ಹುಲ್ಲು ಒಣಗಿ ನಾಲೆ ಬತ್ತಿದ ಮೇಲೆ ಹಕ್ಕಿ, ಅಳಿಲು, ಓತಿಕ್ಯಾತ, ಹಾವು ಎಲ್ಲಕ್ಕೂ ಉಳಿಯುವುದು ನಾವು ನೀರುಣಿಸಿ ಕಾಪಾಡಿಕೊಂಡ ನಾಲ್ಕು ಗಿಡ. ಸಹಕಾರನಗರ, ಕೋಥರೂಡ, ಪಾಷಾಣದಂತಹ ಗುಡ್ಡದ ಮಗ್ಗುಲಿನ ಬಡಾವಣೆಗಳಲ್ಲಿ ನೆಲಮನೆ ಇದ್ದವರಿಗೆ ಇದು ಹೊಸದಲ್ಲ. ಧಾರವಾಡದಿಂದ ಸೊಸೆಯಾಗಿ ಬಂದು ಇಲ್ಲಿಯೇ ಮುದುಕಿಯಾದ ನನ್ನನ್ನು ಓಣಿಯ ಹೊಸ ಸಂಸಾರಸ್ಥರು ಪ್ರತಿ ಬೇಸಿಗೆಯಲ್ಲಿಯೂ ಕೇಳುವುದು ಒಂದೇ ಪ್ರಶ್ನೆ: "ಆಜಿ, ಇವಕ್ಕೆ ತಿನ್ನಲು ಏನು ಹಾಕಬೇಕು?" ಏನೂ ಹಾಕಬೇಡಿ ಎನ್ನುತ್ತೇನೆ. ನೀರಿಡಿ, ನೆರಳು ಬಿಡಿ, ಆಮೇಲೆ ಕೈ ಕಟ್ಟಿಕೊಂಡು ಕುಳಿತು ನೋಡಿ. ಕೇಳಿದವರಿಗೆ ಕಷ್ಟವಾಗುವುದು ಆ ಮೂರನೆಯದೇ.

ನೀರಿನ ತಟ್ಟೆಗೆ ದುಡ್ಡು ಸುರಿಯಬೇಕಾಗಿಲ್ಲ. ಪೇಟೆಯಲ್ಲಿ ಬಣ್ಣ ಬಣ್ಣದ ಪ್ಲಾಸ್ಟಿಕ್ ಬಟ್ಟಲುಗಳನ್ನು ಮಾರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದರ ನೀರಿನಲ್ಲಿ ಚಹಾ ಪುಡಿ ಹಾಕಬಹುದು, ಅಷ್ಟು ಕಾದಿರುತ್ತದೆ. ಕಸಬಾ ಪೇಟೆಯ ಕುಂಬಾರವಾಡೆಯಲ್ಲಿ ಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಸಿಗುತ್ತದೆ, ಅದೇ ಸಾಕು. ಆಳ ಎರಡು ಇಂಚು ದಾಟಬಾರದು. ನಡುವೆ ಒಂದು ಒರಟು ಕಲ್ಲು, ಅಂಚಿನಲ್ಲಿ ನಾಲ್ಕು ಬೆಣಚುಕಲ್ಲು ಇಟ್ಟರೆ ಜೇನ್ನೊಣಗಳೂ ಮುಳುಗದೆ ನೀರು ಕುಡಿದು ಹೋಗುತ್ತವೆ. ತಟ್ಟೆಯ ಮೇಲೆ ನೆರಳಿರಬೇಕು, ಆದರೆ ಪೊದೆಗೆ ಅಂಟಿಕೊಂಡಿರಬಾರದು. ಬೆಕ್ಕು ಹೊಂಚು ಹಾಕುವುದು ಅಲ್ಲಿಯೇ. ನಾಲ್ಕು ಹೆಜ್ಜೆ ಬಯಲು ಬಿಟ್ಟರೆ ಹಕ್ಕಿಗೆ ಹಾರಲು ಅವಕಾಶ ಸಿಗುತ್ತದೆ. ಒಂದು ತಟ್ಟೆ ನೆಲದಲ್ಲಿ, ಇನ್ನೊಂದು ಗೋಡೆಯ ಮೇಲೆ ಇಡಿ. ಎರಡಕ್ಕೂ ಬೇರೆ ಬೇರೆ ಗಿರಾಕಿಗಳಿದ್ದಾರೆ.

ತಟ್ಟೆಯನ್ನು ದಿನವೂ ಬೆಳಿಗ್ಗೆ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹೊಸ ನೀರು ತುಂಬಿ. ಸಾಬೂನು ಬೇಡ. ಡೆಂಗಿ ಸೊಳ್ಳೆ ಈ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಒಂದು ವಾರದಿಂದ ಹತ್ತು ದಿನ ಬೇಕು. ದಿನವೂ ಚೆಲ್ಲಿ ಉಜ್ಜುವ ಮನೆಯಲ್ಲಿ ಅದಕ್ಕೆ ದಾರಿಯಿಲ್ಲ. ಚೆಲ್ಲಿದ ನೀರು ಗಿಡದ ಬುಡಕ್ಕೆ ಹೋಗಲಿ, ನೀರು ಕಡಿತದ ದಿನಗಳಲ್ಲಿ ಹನಿಯೂ ವ್ಯರ್ಥವಾಗಬಾರದು. ಅಕ್ಕಿ ತೊಳೆದ ನೀರನ್ನು ಮಾತ್ರ ತಟ್ಟೆಗೆ ಸುರಿಯಬೇಡಿ, ಅದು ಸಂಜೆಯೊಳಗೆ ಹುಳಿಯುತ್ತದೆ. ಇಷ್ಟೆಲ್ಲ ಶುಚಿ ಮಾಡಿದ ಮೇಲೆ ಕಾಗೆ ಬರುತ್ತದೆ. ಎಲ್ಲಿಂದಲೋ ಒಣ ಚಪಾತಿಯ ಚೂರು ತಂದು ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿಂದು, ಉಳಿದದ್ದನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ. ಬೈದು ಪ್ರಯೋಜನವಿಲ್ಲ, ಎರಡನೆಯ ಸಲ ತೊಳೆಯಿರಿ.

ನೋಡುವ ಕೆಲಸ ಈ ತಟ್ಟೆಯಿಂದಲೇ ಶುರುವಾಗಲಿ. ಬೆಳಕು ಹರಿಯುವ ಮೊದಲೇ ಎದ್ದರೆ ಮಡಿವಾಳ ಹಕ್ಕಿಯ ಹಾಡು ಕೇಳಿಸುತ್ತದೆ; ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಗಂಡು ಈಗ ಮರದ ತುದಿಯಲ್ಲಿ ಕುಳಿತು ಸೀಟಿ ಹೊಡೆಯುತ್ತದೆ. ಬಿಸಿಲೇರಿದಾಗ ಪಿಕಳಾರಗಳು ಜೋಡಿಯಾಗಿ ಬಂದು ಸ್ನಾನ ಮಾಡುತ್ತವೆ. ಅವು ನೀರು ಕುಡಿಯುವುದನ್ನು ಗಮನಿಸಿ: ಒಂದೊಂದು ಗುಟುಕಿಗೂ ತಲೆ ಮೇಲೆತ್ತಿ ನುಂಗುತ್ತವೆ. ಬೆಳವ ಹಾಗಲ್ಲ, ಕೊಕ್ಕು ಅದ್ದಿದರೆ ಎತ್ತದೆ ಸಲೀಸಾಗಿ ಹೀರುತ್ತದೆ. ಪಾರಿವಾಳದ ಕುಲಕ್ಕೆಲ್ಲ ಇದೇ ರೂಢಿ. ಮೊಮ್ಮಕ್ಕಳಿಗೆ ಇಷ್ಟು ತೋರಿಸಿಕೊಟ್ಟರೆ ಅರ್ಧ ದಿನ ಮೊಬೈಲ್ ಕೇಳುವುದಿಲ್ಲ. ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಡುಗೆಮನೆಯ ಕಿಟಕಿಯೇ ಸಾಕು; ಕಿಟಕಿಯ ಹಿಂದೆ ನಿಂತವರನ್ನು ಹಕ್ಕಿಗಳು ಅಷ್ಟಾಗಿ ಲೆಕ್ಕಿಸುವುದಿಲ್ಲ.

ತಿನ್ನಿಸಬೇಡಿ ಎಂದೆನಲ್ಲ, ಅದಕ್ಕೆ ಕಾರಣವಿದೆ. ಬೇಸಿಗೆ ಮರಿ ಮಾಡುವ ಕಾಲ, ಹೆಚ್ಚಿನ ಹಕ್ಕಿಗಳು ಮರಿಗೆ ಕೊಡುವುದು ಹುಳುವನ್ನು. ನೀವು ಹಾಕುವ ಬ್ರೆಡ್ಡು, ಚಕ್ಕುಲಿಯ ಪುಡಿ, ಉಪ್ಪು ಹಾಕಿದ ಅನ್ನ ಅವಕ್ಕೆ ಬೇಡವಾದದ್ದು. ಆ ಅನ್ನಕ್ಕೆ ಮೊದಲು ಪಾರಿವಾಳ ಬರುತ್ತದೆ, ಕತ್ತಲಾದ ಮೇಲೆ ಇಲಿ, ಹೆಗ್ಗಣ, ಅವುಗಳ ಬೆನ್ನಿಗೆ ಹಾವು. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. 2025ರಲ್ಲಿ ಮುಂಬೈಯ ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದ ದಾದರ್ ಕಬೂತರಖಾನೆಯ ವಿಷಯ ನ್ಯಾಯಾಲಯದವರೆಗೆ ಹೋದದ್ದು ಅದಕ್ಕಾಗಿಯೇ. ಪುಣ್ಯ ಬೇಕೆನ್ನುವವರು ಒಂದು ದಾಸವಾಳ, ಒಂದು ಪೇರಲ, ಜಾಗವಿದ್ದರೆ ಒಂದು ನುಗ್ಗೆ ನೆಡಲಿ. ದಾಸವಾಳದ ಹೂವಿಗೆ ಸೂರಕ್ಕಿ ಬರುತ್ತದೆ, ಪೇರಲಕ್ಕೆ ಗಿಳಿ ಬರುತ್ತದೆ. ಆ ಗಿಳಿ ಎಷ್ಟೇ ಮುದ್ದಾಗಿರಲಿ, ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಈ ದಿನಗಳಲ್ಲಿ ತೋಟದ ಕೆಲಸಕ್ಕೆ ಬರುವ ಮಾಳಿಯ ಮೇಲೆ ಒಂದು ಕಣ್ಣಿರಲಿ. ಮಳೆಗೆ ಮುಂಚೆ ಎಂದು ಮೇ ತಿಂಗಳಲ್ಲಿ ಎಲ್ಲ ಕೊಂಬೆಗಳನ್ನೂ ಸವರುವ ಪದ್ಧತಿ ನಮ್ಮೂರಿನಲ್ಲಿದೆ, ಗೂಡುಗಳು ತುಂಬಿರುವುದೂ ಆಗಲೇ. ಪಿಕಳಾರ ನೇತು ಹಾಕಿದ ಕುಂಡದಲ್ಲಿ ಬಟ್ಟಲಿನಷ್ಟು ಗೂಡು ಕಟ್ಟಿರುತ್ತದೆ, ಸಿಂಪಿಗ ಅಗಲ ಎಲೆಯೊಂದನ್ನು ಹೊಲಿದು ಅದರೊಳಗೆ ಮೊಟ್ಟೆ ಇಟ್ಟಿರುತ್ತದೆ. ಎಲೆ ಬೇಕೆಂದೇ ಮಡಚಿದ ಹಾಗಿದ್ದು, ಅಂಚಿನಲ್ಲಿ ನೂಲಿನ ಗಂಟಿನಂತಹ ಬಿಳಿ ಚುಕ್ಕೆಗಳು ಕಂಡರೆ ಕತ್ತರಿ ಕೆಳಗಿಡಿ. ದೊಡ್ಡ ಮರವಾದರೆ ನಿಮ್ಮ ಅಂಗಳದಲ್ಲಿದ್ದರೂ ಕಡಿಯಲು ಪಾಲಿಕೆಯ ಅನುಮತಿ ಬೇಕು. ಮಹಾರಾಷ್ಟ್ರದ ನಗರಗಳಲ್ಲಿ 1975ರಿಂದಲೇ ಆ ಕಾಯಿದೆ ಇದೆ. ಪಿಕಳಾರದ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಗೂಡು ಬಿಡಲು ಇನ್ನೆರಡು ವಾರಕ್ಕೂ ಕಡಿಮೆ. ಒಂದು ತಿಂಗಳ ಮಟ್ಟಿಗೆ ಆ ಕುಂಡಕ್ಕೆ ಕೊಳವೆಯಿಂದ ನೀರು ಹೊಡೆಯದೆ ಬುಡಕ್ಕೆ ಚೊಂಬಿನಿಂದ ಹಾಕಿದರಾಯಿತು. ದಿನಕ್ಕೆ ಹತ್ತು ಸಲ ಹೋಗಿ ಫೋಟೋ ತೆಗೆಯಬೇಡಿ. ನೀವು ಹೋದ ದಾರಿಯನ್ನು ಕಾಗೆ ನೋಡುತ್ತಿರುತ್ತದೆ, ನೀವು ಒಳಗೆ ಬಂದ ಮೇಲೆ ಅದು ಹೋಗುತ್ತದೆ.

ನೆಲಕ್ಕೆ ಬಿದ್ದ ಮರಿಯನ್ನು ಶೂ ಡಬ್ಬಿಯಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬರುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಮೈತುಂಬ ಗರಿಯಿದ್ದು ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರಲು ಕಲಿಯುತ್ತಿದೆ. ಎತ್ತಿದಲ್ಲಿಯೇ, ಹತ್ತಿರದ ಕೊಂಬೆಯ ಮೇಲೆ ಬಿಟ್ಟು ಬೆಕ್ಕನ್ನು ಕಟ್ಟಿಹಾಕಿ. ಗರಿಯಿಲ್ಲದ ಕೆಂಪು ಮರಿಯಾದರೆ ಗೂಡಿಗೆ ಮರಳಿಸಿ. ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬುದು ಸುಳ್ಳು. ಬಾಯಿಗೆ ನೀರು ಬಿಡುವ ಉಪಕಾರ ಮಾತ್ರ ಬೇಡ, ಅದು ಶ್ವಾಸನಾಳಕ್ಕೆ ಇಳಿದು ಮರಿ ಸಾಯುತ್ತದೆ.

ಓತಿಕ್ಯಾತ ಕಂಡರೆ ಕಲ್ಲು ಹೊಡೆಯುವ ಚಟ ಧಾರವಾಡದಲ್ಲಿಯೂ ಇತ್ತು, ಇಲ್ಲಿಯೂ ಇದೆ. ಗಂಡಿನ ಕುತ್ತಿಗೆ ಬೇಸಿಗೆಯಲ್ಲಿ ಕೆಂಪೇರುವುದರಿಂದ ರಕ್ತ ಹೀರುತ್ತದೆ ಎಂಬ ಕಥೆ ಹುಟ್ಟಿದೆ. ಅದು ಹೆಣ್ಣಿಗೆ ತೋರಿಸುವ ಶೃಂಗಾರ ಅಷ್ಟೇ. ಮುಂಗಾಲಿನ ಮೇಲೆ ದಂಡ ಹೊಡೆಯುವುದೂ ಅದೇ ಕಾರಣಕ್ಕೆ. ನಿಜವಾಗಿ ನೋಡಬೇಕಾದದ್ದು ಹೆಣ್ಣನ್ನು. ಮೇ ಕೊನೆಯಲ್ಲಿ ಗುಡುಗಿನ ಮಳೆ ಒಂದೆರಡು ಬಿದ್ದು ಮಣ್ಣು ಮೆದುವಾದಾಗ ಅದು ಕುಂಡವನ್ನು ಹುಡುಕಿಕೊಂಡು ಬರುತ್ತದೆ. ಮುಂಗಾಲಿನಿಂದ ಗುಂಡಿ ತೋಡಿ, ತಿರುಗಿ ಕುಳಿತು ಹತ್ತಿಪ್ಪತ್ತು ಬಿಳಿಯ ಮೊಟ್ಟೆ ಇಟ್ಟು, ಮಣ್ಣು ಎಳೆದು ಮುಚ್ಚುತ್ತದೆ. ಆಮೇಲೆ ಮೂತಿಯಿಂದ ಆ ಮಣ್ಣನ್ನು ಕುಟ್ಟತೊಡಗುತ್ತದೆ. ನಾಲ್ಕು ಸಲ ಕುಟ್ಟಿ, ತಲೆಯೆತ್ತಿ ಸುತ್ತ ನೋಡಿ, ಮತ್ತೆ ನಾಲ್ಕು ಸಲ. ಮೂತಿಗೆ ಹತ್ತಿದ ಕೆಸರನ್ನೂ ಒರೆಸಿಕೊಳ್ಳದೆ, ಮೇಲ್ಮೈ ಸಮನಾಗುವವರೆಗೆ ಬಿಡುವುದಿಲ್ಲ. ಹೋದ ಮೇಲೆ ಅಲ್ಲಿ ಗುಂಡಿಯಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಮಾಳಿ ಇಡೀ ದಿನ ಗುದ್ದಲಿ ಹಿಡಿದರೂ ಅಷ್ಟು ಸಮ ಮಾಡಲಾರ. ಅಂತಹ ಕುಂಡಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿ, ಎರಡು ತಿಂಗಳು ಮಣ್ಣು ಬದಲಿಸಬೇಡಿ. ತೇವ ಆರದಷ್ಟು ಮಾತ್ರ ನೀರು ಚಿಮುಕಿಸಿ. ಹುಟ್ಟಿದ ಮರಿಗಳು ನಿಮ್ಮ ಗಿಡದ ಇರುವೆ, ಹುಳುಗಳನ್ನು ತಿಂದೇ ಬೆಳೆಯುತ್ತವೆ. ಹಾಗೆಯೇ ಹಾವುರಾಣಿ. ಹೊಳೆಯುವ ಮೈ ನೋಡಿ ಕಿರುಚುತ್ತಾರೆ, ಅದಕ್ಕೆ ವಿಷವಿಲ್ಲ.

ಹಾವಿನ ವಿಷಯಕ್ಕೆ ಬಂದರೆ ನನ್ನ ಮಾತು ಬಿಗಿಯಾಗುತ್ತದೆ. ಹಿತ್ತಲಿಗೆ ಹೆಚ್ಚಾಗಿ ಬರುವುದು ಕೇರೆಹಾವು. ಇಲ್ಲಿ ಅದಕ್ಕೆ ಧಾಮಣ ಎನ್ನುತ್ತಾರೆ. ವಿಷವಿಲ್ಲ, ಇಲಿ ತಿನ್ನುತ್ತದೆ. ಎರಡು ಕೇರೆಗಳು ಹೆಣೆದುಕೊಂಡು ಎದ್ದು ನಿಂತರೆ ಮಿಲನವೆಂದು ಕೈಮುಗಿದು ಮೇಲೆ ಹೊಸ ವಸ್ತ್ರ ಹಾಕಲು ಓಡುವವರಿದ್ದಾರೆ, ಹೆಚ್ಚಾಗಿ ಅದು ಎರಡು ಗಂಡುಗಳ ಕುಸ್ತಿ. ಆದರೆ ಕೇರೆಯೋ ನಾಗರವೋ ಎಂದು ಹತ್ತಿರ ಹೋಗಿ ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಫುರಸೆ ಎಂದು ಇಲ್ಲಿಯವರು ಕರೆಯುವ ಗರಗಸಮಂಡಲ, ಈ ನಾಲ್ಕೂ ಈ ಸೀಮೆಯಲ್ಲಿವೆ. ಒಣಗಿದ ಎಲೆಗಳ ರಾಶಿಯಿಂದ ಕುಕ್ಕರ್ ಸೀಟಿಗೆ ಮುಂಚೆ ಬುಸುಗುಡುವಂತಹ ಸದ್ದು ಕೇಳಿದರೆ ಅದು ಕೊಳಕುಮಂಡಲ, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆಯಿರಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದು ಬಾಗಿಲು ಹಾಕಿ. ದೊಡ್ಡವರೊಬ್ಬರು ದೂರದಿಂದ ಅದು ಎಲ್ಲಿ ಹೋಯಿತೆಂದು ನೋಡುತ್ತಿರಲಿ. ಹಾವು ಹಿಡಿಯುವವರಿಗೆ ಇಲ್ಲಿ ಸರ್ಪಮಿತ್ರ ಎನ್ನುತ್ತಾರೆ. ಹತ್ತಿರದವರ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾಲು ಇಡುವುದು, ಕರ್ಪೂರ ಹಚ್ಚುವುದು, ಫಿನೈಲ್ ಸುರಿಯುವುದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಇಟ್ಟಿಗೆ, ಹಳೆಯ ಹಲಗೆ, ತೆಂಗಿನ ಗರಿಗಳ ರಾಶಿ ತೆಗೆದು, ನಾಯಿಯ ತಟ್ಟೆಯನ್ನು ರಾತ್ರಿ ತೊಳೆದಿಟ್ಟರೆ ಇಲಿ ಬರುವುದಿಲ್ಲ, ಇಲಿಯಿಲ್ಲದೆಡೆ ಹಾವಿಗೂ ಕೆಲಸವಿಲ್ಲ. ಮೊಮ್ಮಕ್ಕಳಿಗೆ ಹಾವು ತೋರಿಸಲೇಬೇಕೆಂದರೆ ಕಾತ್ರಜದ ಸರ್ಪೋದ್ಯಾನ ಇದೆಯಲ್ಲ.

ಸೆಕೆಯೆಂದು ನೆಲದ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ಕಟ್ಟುಹಾವು ರಾತ್ರಿ ಕಚ್ಚುತ್ತದೆ, ಎಷ್ಟೋ ಸಲ ನೋವೇ ತಿಳಿಯುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣೆವೆ ಜೋತು ಬೀಳುವುದು ಕಂಡರೆ ಅಜೀರ್ಣವೆಂದು ಓಮದ ಕಷಾಯ ಕುಡಿಸುತ್ತಾ ಕೂರಬೇಡಿ. ಯಾವ ಹಾವೇ ಕಚ್ಚಲಿ, ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಇಟ್ಟುಕೊಂಡು, 108ಕ್ಕೆ ಕರೆ ಮಾಡಿ, ದೊಡ್ಡ ಆಸ್ಪತ್ರೆಗೆ ಹೋಗಿ. ಮುಂಬೈಯ ಹಾಫ್‌ಕಿನ್ ಸಂಸ್ಥೆಯಂತಹ ಕಡೆ ಕುದುರೆಯ ರಕ್ತದಿಂದ ತಯಾರಾಗುವ ಒಂದೇ ಚುಚ್ಚುಮದ್ದು ಈ ನಾಲ್ಕೂ ಹಾವುಗಳ ವಿಷಕ್ಕೆ ನಡೆಯುತ್ತದೆ. ಆದ್ದರಿಂದ ಹಾವನ್ನು ಕೊಂದು ಚೀಲದಲ್ಲಿ ಹಾಕಿಕೊಂಡು ಹೋಗುವ ಸಾಹಸ ಬೇಕಾಗಿಲ್ಲ.

ಇನ್ನು ಕರಿಬೇವು. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯೊಂದು ಬಿದ್ದ ಹಾಗೆ ಕಂಡು, ಮರುದಿನ ಅದು ಜಾಗ ಬದಲಿಸಿದ್ದರೆ ಅದು ಹಿಕ್ಕೆಯಲ್ಲ, ಚಿಟ್ಟೆಯ ಮರಿಹುಳು. ಬೆಳೆದ ಮೇಲೆ ಹಸಿರಾಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬು ಚಾಚಿ ಕಟುವಾಸನೆ ಬಿಡುತ್ತದೆ. ನನ್ನ ಸೊಸೆ ಇದನ್ನು ನೋಡಿ ಕೀಟನಾಶಕದ ಬಾಟಲಿ ತರಲು ಹೊರಟಿದ್ದಳು, "ಒಗ್ಗರಣೆಗೆ ಅದನ್ನೇ ಹಾಕುತ್ತೀಯೇನವ್ವಾ?" ಎಂದು ಕೇಳಿದ ಮೇಲೆ ಸುಮ್ಮನಾದಳು. ಎರಡು ಗಿಡ ನೆಡಿ, ಅಡುಗೆಗೊಂದು, ಚಿಟ್ಟೆಗೊಂದು. ಅಡುಗೆಯ ಗಿಡದಲ್ಲಿ ಹುಳು ಕಂಡರೆ ಎಲೆಯ ಸಮೇತ ಕಿತ್ತು ಇನ್ನೊಂದಕ್ಕೆ ಸಾಗಿಸಿ. ಗುಲಾಬಿ ಎಲೆಯ ಅಂಚು ಕತ್ತರಿಯಿಂದ ಕತ್ತರಿಸಿದ ಹಾಗೆ ಅರ್ಧಚಂದ್ರಾಕಾರವಾಗಿ ಹೋಗಿದ್ದರೆ ಅದು ರೋಗವಲ್ಲ. ಒಂಟಿಯಾಗಿ ಬದುಕುವ ಒಂದು ಬಗೆಯ ಜೇನ್ನೊಣ ಗೂಡಿಗೆ ಅಸ್ತರು ಹಾಕಲು ಒಯ್ದಿರುತ್ತದೆ. ಗಿಡಕ್ಕೆ ಏನೂ ಆಗುವುದಿಲ್ಲ.

ರಾತ್ರಿಯ ಅತಿಥಿಗಳು ಚಿಕ್ಕುವಿಗಾಗಿ ಬರುತ್ತವೆ: ಬಾವಲಿ, ಕೆಲವೊಮ್ಮೆ ಹೆಂಚಿನ ಮೇಲೆ ಸದ್ದು ಮಾಡುತ್ತಾ ಪುನುಗು ಬೆಕ್ಕು. ಕೈಗೆ ಸಿಗುವ ಕಾಯಿಗಳಿಗೆ ಹಳೆಯ ಸೀರೆಯ ಚೀಲ ಕಟ್ಟಿ, ಮೇಲಿನವು ಅವುಗಳ ಪಾಲು. ಮರಕ್ಕೆ ನೈಲಾನ್ ಬಲೆ ಹೊದಿಸಬೇಡಿ. ಬಾವಲಿಯೂ ಹಾವೂ ಅದರಲ್ಲಿ ಸಿಕ್ಕಿ ನರಳುತ್ತವೆ, ಬಿಡಿಸಲು ಹೋದವರ ಕೈಗೂ ಅಪಾಯ.

ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತದೆ. ಆಗ ನೀರಿನ ತಟ್ಟೆಗಳನ್ನು ಉಜ್ಜಿ ಒಣಗಿಸಿ ಅಟ್ಟಕ್ಕೆ ಹಾಕಿ, ಕುಂಡದ ಕೆಳಗಿನ ತಟ್ಟೆಗಳನ್ನೂ ತೆಗೆಯಿರಿ. ಇನ್ನು ಮುಂದೆ ಅವುಗಳಲ್ಲಿ ನಿಲ್ಲುವ ನೀರು ಸೊಳ್ಳೆಗೆ ಮಾತ್ರ. ಹಾವಿನ ಮರಿಗಳು ಹೊರಬರುವ ಕಾಲವೂ ಇದೇ. ಬಚ್ಚಲಿನ ಮೋರಿಗೆ ಸಣ್ಣ ಕಣ್ಣಿನ ಜಾಲರಿ, ಹಿತ್ತಲ ಬಾಗಿಲಿನ ಕೆಳಗೆ ರಬ್ಬರ್ ಪಟ್ಟಿ ಮೊದಲ ಮಳೆಗೆ ಮುಂಚೆಯೇ ಹಾಕಿಸಿ. ಶಾಲೆ ಶುರುವಾದಾಗ, ಹೊರಗೆ ಬಿಟ್ಟ ಮಕ್ಕಳ ಬೂಟುಗಳನ್ನು ದಿನವೂ ಬೆಳಿಗ್ಗೆ ಕೊಡವಿಯೇ ಕಾಲಿಗೆ ಹಾಕಿಸಿ.