ಕಣ್ಣಿಗೆ ಬಂದ ಕೊಳೆರೋಗ

ಜುಲೈ ತಿಂಗಳ ಜಡಿಮಳೆ. ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರು ಎಡಗಣ್ಣಿಗೆ ಬೈರಾಸು ಒತ್ತಿಕೊಂಡು ನನ್ನ ಕಣ್ಣಿನ ಕ್ಲಿನಿಕ್ಕಿಗೆ ಬಂದರು. ತೋಟದಲ್ಲಿ ನೀರು ಹರಿಯುವ ಕಣಿ ಬಿಡಿಸುವಾಗ ಕೆಸರುನೀರು ಹಾರಿತ್ತಂತೆ. ಐದು ದಿನ ಮೆಡಿಕಲ್ಲಿನಿಂದ ತಂದ ಡ್ರಾಪ್ಸ್ ಹಾಕಿದ್ದರು. ಬಾಟಲಿ ತೋರಿಸಿ ಅಂದೆ. ಸ್ಟೀರಾಯ್ಡ್!

"ಮೊದಲು ಕೆಂಪು ಇಳಿದಿತ್ತು ಡಾಕ್ಟ್ರೆ, ಮತ್ತೆ ಜಾಸ್ತಿ ಆಯ್ತು."

ಅದು ಹಾಗೆಯೇ. ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ಸೋಂಕಿಗೆ ಒಳಗೆ ದಾರಿ ಮಾಡಿಕೊಡುತ್ತದೆ.

ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನಲ್ಲಿ ನೋಡಿದೆ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಬೂದುಬಿಳಿ ಹುಣ್ಣು, ಅಂಚು ಹಕ್ಕಿಗರಿಯ ಹಾಗೆ. ಸುತ್ತ ಸಣ್ಣ ಸಣ್ಣ ಚುಕ್ಕೆಗಳು, ಬಲೆ ಹರಡಿದಂತೆ. ಸುಳಿವು ಇದ್ದದ್ದು ಆ ಬಲೆಯಲ್ಲೇ. ಆವತ್ತು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮರಗಟ್ಟಿಸುವ ಡ್ರಾಪ್ಸ್ ಹಾಕಿ, 15 ನಂಬರಿನ ಬ್ಲೇಡಿನಿಂದ ಹುಣ್ಣಿನ ಅಂಚನ್ನು ಮೆಲ್ಲಗೆ ಕೆರೆದೆ. ಈ ಕೆಲಸದಲ್ಲಿ ಉಸಿರು ತಾನಾಗಿಯೇ ನಿಲ್ಲುತ್ತದೆ, ನನ್ನದೂ ಅವರದೂ. ಕೆರೆದದ್ದನ್ನು ಸ್ಲೈಡಿಗೆ ಹಚ್ಚಿ, ಶಿಲೀಂಧ್ರದ ಎಳೆ ಇದ್ದರೆ ಎದ್ದು ಕಾಣಿಸುವ 10% ಕೆಒಎಚ್ ದ್ರಾವಣ ಒಂದು ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಇಟ್ಟೆ. ಎಳೆಗಳು ಕಂಡವು. ಶಿಲೀಂಧ್ರ ಅಂತ ಬರೆದು, ಗಂಟೆಗೊಮ್ಮೆ ಹಾಕಲು ಶಿಲೀಂಧ್ರದ ಮದ್ದು ನ್ಯಾಟಮೈಸಿನ್ 5% ಕೊಟ್ಟೆ. ನಮ್ಮ ಕಡೆ ಜಾಸ್ತಿ ಕಾಣುವ ಫ್ಯುಸೇರಿಯಂ ಎಂಬ ಶಿಲೀಂಧ್ರಕ್ಕೆ ಅದೇ ಒಳ್ಳೆಯ ಮದ್ದು. ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ಗುರುತಿಸುವ ಕಲ್ಚರಿಗೂ ಮಂಗಳೂರಿನ ಲ್ಯಾಬಿಗೆ ಕಳಿಸಿದೆ.

ಆರು ದಿನವಾದರೂ ಹುಣ್ಣು ಜಗ್ಗಲಿಲ್ಲ, ಬದಲಿಗೆ ಕೈಕಾಲು ಚಾಚಿತು. ಮೊದಲ ಎರಡು ದಿನ ನಾನು ಸಂಶಯಪಟ್ಟದ್ದು ರೋಗಿಯ ಮೇಲೆ. ಸರಿಯಾಗಿ ಹಾಕ್ತಾ ಇಲ್ಲ ಅಂತ. ಪಾಪ, ಅವರ ಹೆಂಡತಿ ಮೊಬೈಲಿನಲ್ಲಿ ಅಲಾರಂ ಇಟ್ಟು ರಾತ್ರಿಯೂ ಎದ್ದು ಹಾಕುತ್ತಿದ್ದರು.

ಹಳೆಯ ಸ್ಲೈಡನ್ನು ಮತ್ತೆ ತೆಗೆದೆ. ಎಳೆಗಳು ರಿಬ್ಬನ್ನಿನ ಹಾಗೆ ಅಗಲ, ನಡುವೆ ಅಡ್ಡಗೋಡೆ ಇಲ್ಲ ಎನ್ನುವಷ್ಟು ಕಮ್ಮಿ. ಅಷ್ಟರಲ್ಲಿ ಲ್ಯಾಬಿನಿಂದ ಫೋನ್ ಬಂತು. ತಟ್ಟೆಗೆ ಅಂಟಿಕೊಂಡು ಬೆಳೆದ ಬಣ್ಣವಿಲ್ಲದ ಪದರ, ಬೀಜಕಣವೇ ಇಲ್ಲ. ನೀರಿನಲ್ಲಿ ಎಲೆಚೂರಿನ ಜೊತೆ ಇಟ್ಟಾಗ ಈಜುವ ಕಣಗಳು ಹೊರಬಂದವಂತೆ. ನೀರಿನಲ್ಲಿ ಬದುಕುವ ಸೂಕ್ಷ್ಮಜೀವಿ, ಪಿಥಿಯಂ ಇನ್ಸಿಡಿಯೋಸಂ. ಮೊದಲ ದಿನ ಕಂಡ ಆ ಬಲೆ ಇದರದೇ ಸುಳಿವು.

ಇದು ನೋಡಲಿಕ್ಕೆ ಶಿಲೀಂಧ್ರ, ಜಾತಿಯಲ್ಲಿ ಅಲ್ಲ. ನ್ಯಾಟಮೈಸಿನ್ ಹಿಡಿದುಕೊಳ್ಳುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು. ಪಿಥಿಯಂನಲ್ಲಿ ಅದೇ ಇಲ್ಲ. ಮದ್ದಿಗೆ ಹಿಡಿಯಲು ಜಾಗವೇ ಇಲ್ಲದ ಮೇಲೆ ಎಷ್ಟು ಹನಿ ಹಾಕಿದರೇನು?

ಕೃಷಿಕರಿಗೆ ಹೇಗೆ ವಿವರಿಸುವುದು ಅಂತ ಯೋಚಿಸುವಾಗ ಹೊಳೆಯಿತು. ಅಡಿಕೆಯ ಕೊಳೆರೋಗ ತರುವ ಫೈಟೋಫ್ತೊರಾ ಇದರದೇ ಸಂಬಂಧಿಕ. ಮಳೆನೀರಿನಲ್ಲಿ ಈಜಿ ಹರಡುವುದೂ ಹಾಗೆಯೇ. ಹೇಳಿದೆ. ಅವರು ಒಂದು ಕಣ್ಣಿನಲ್ಲೇ ನನ್ನನ್ನು ದಿಟ್ಟಿಸಿದರು.

"ಹಾಗಾದ್ರೆ ಬೋರ್ಡೋ ಬಿಟ್ರೆ ಆಗ್ಲಿಕ್ಕಿಲ್ವಾ ಡಾಕ್ಟ್ರೆ?"

ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಮೈಲುತುತ್ತು, ಸುಣ್ಣ ಕಣ್ಣಿಗೆ! ಅಷ್ಟು ದಿನದಲ್ಲಿ ಮೊದಲ ಸಲ ಇಬ್ಬರೂ ನಕ್ಕೆವು.

ಪಿಥಿಯಂಗೆ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಸೋಂಕಿಗೆ ಕೊಡುವ ಮದ್ದುಗಳು. ಲಿನೆಜೋಲಿಡ್ ಡ್ರಿಪ್ ಬಾಟಲಿಯಲ್ಲಿ ಇರುವುದೇ 0.2%. ಅದನ್ನೇ ಶುಚಿಯಾಗಿ ಸಣ್ಣ ಬಾಟಲಿಗಳಿಗೆ ತುಂಬಿಸಿ ಗಂಟೆಗೊಮ್ಮೆ ಹಾಕಿಸಿದೆ. ಜೊತೆಗೆ ಅಜಿತ್ರೊಮೈಸಿನ್, ಹನಿಯಾಗಿಯೂ ಮಾತ್ರೆಯಾಗಿಯೂ. ಇಷ್ಟಾದರೂ ಎಷ್ಟೋ ಜನರಿಗೆ ಕಾರ್ನಿಯಾ ಬದಲಿಸುವ ಆಪರೇಷನ್ ತಪ್ಪುವುದಿಲ್ಲ. ಮಂಗಳೂರಿನ ಸರ್ಜನ್ನರಿಗೆ ಮೊದಲೇ ಫೋನ್ ಮಾಡಿ ಇಟ್ಟಿದ್ದೆ.

ಅದರ ಅಗತ್ಯ ಬೀಳಲಿಲ್ಲ. ನಾಲ್ಕನೇ ದಿನ ಅಂಚು ಮೊಂಡಾಯಿತು. ಹುಣ್ಣು ಪೂರ್ತಿ ಮಾಯಲು ಏಳು ವಾರ ಬೇಕಾಯಿತು. ಬಿಳಿ ಕಲೆ ಉಳಿದಿದೆ. ಆ ಕಣ್ಣಿನಲ್ಲಿ ಚಾರ್ಟಿನ ಮೇಲಿನ ಮೂರು ಸಾಲು ಓದುತ್ತಾರೆ, ಪೇಪರಿಗೆ ಬಲಗಣ್ಣೇ ಗತಿ. ನಾನು ಆ ಸ್ಲೈಡನ್ನು ಎಸೆದಿಲ್ಲ. ಮಳೆಗಾಲದಲ್ಲಿ ಯಾರ ಕಣ್ಣು ಕೆರೆದರೂ, ಪಕ್ಕದಲ್ಲಿ ಅದನ್ನಿಟ್ಟು ಎಳೆಯ ಅಗಲ ಹೋಲಿಸಿ ನೋಡುತ್ತೇನೆ.