ಕೈಯಿಂದ ಮಾಡಿ ಕಲಿಯುವ ಶಾಲೆ: ಕೊಡಗಿನ ಪೋಷಕರು ಆರಿಸಿಕೊಳ್ಳುವ ಬಗೆ

ಮಗು ತನ್ನ ಆಸಕ್ತಿಯನ್ನು ಅನುಸರಿಸಿ, ಕೈಯಾರೆ ಮಾಡಿ ಕಲಿಯಬೇಕೆಂದು ಬಯಸುವ ಪೋಷಕರು ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಶಾಲೆಯ ನಾಮಫಲಕವನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ. ಇಂತಹ ಕಲಿಕೆಯ ಪದ್ಧತಿಯೊಂದನ್ನು ರೂಪಿಸಿದ ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ಇಲ್ಲಿನ ಶಿಕ್ಷಕರಿಗೆ ಸ್ವತಃ ತರಬೇತಿ ನೀಡಿದರು. ಆದರೆ ಅವರ ಹೆಸರನ್ನು ಇಂದು ಯಾವ ಶಾಲೆ ಬೇಕಾದರೂ ಇಟ್ಟುಕೊಳ್ಳಬಹುದು. ಆದ್ದರಿಂದ ಶಿಕ್ಷಕಿಯರು ಎಲ್ಲಿ, ಎಷ್ಟು ಕಾಲ, ಯಾವ ವಯಸ್ಸಿನ ಮಕ್ಕಳಿಗೆ ಕಲಿಸುವ ತರಬೇತಿ ಪಡೆದಿದ್ದಾರೆ ಎಂದು ನೇರವಾಗಿ ಕೇಳಬೇಕು.

ಅದಕ್ಕಿಂತಲೂ ಮುಖ್ಯವಾದದ್ದು, ಅನುಮತಿ ಪಡೆದು ಒಂದು ಬೆಳಿಗ್ಗೆ ತರಗತಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ನೋಡುವುದು. ಮರದ ದಿಮ್ಮಿಯ ಹತ್ತು ಕುಳಿಗಳಿಗೆ ಹತ್ತು ಸಿಲಿಂಡರುಗಳನ್ನು ಜೋಡಿಸುತ್ತಿರುವ ಮಗುವನ್ನು ಗಮನಿಸಿ. ತೆಳುವಾದದ್ದನ್ನು ಅಗಲವಾದ ಕುಳಿಗೆ ಹಾಕಿದರೆ, ಕೊನೆಗೆ ಕೈಯಲ್ಲಿ ಉಳಿಯುವ ದಪ್ಪ ಸಿಲಿಂಡರು ಉಳಿದ ಕುಳಿಯೊಳಗೆ ಇಳಿಯುವುದಿಲ್ಲ. ತಪ್ಪಾಗಿದೆ ಎಂಬುದನ್ನು ದಿಮ್ಮಿಯೇ ತೋರಿಸುತ್ತದೆ. ಆ ಗಳಿಗೆಯಲ್ಲಿ ಶಿಕ್ಷಕಿ ಏನು ಮಾಡುತ್ತಾರೆ? ಕೈ ಚಾಚಿ ಸರಿಪಡಿಸಿಬಿಡುತ್ತಾರೆಯೇ, ಅಥವಾ ಮಗು ಎಲ್ಲವನ್ನೂ ಹೊರತೆಗೆದು ಮತ್ತೆ ಯೋಚಿಸುವವರೆಗೆ ತಾಳ್ಮೆಯಿಂದ ಕಾಯುತ್ತಾರೆಯೇ? ಶಾಲೆಯ ಕೈಪಿಡಿಯ ಎಲ್ಲ ಪುಟಗಳಿಗಿಂತ ಈ ಒಂದು ಉತ್ತರಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತಿದ್ದಾರೆಯೇ, ಸಾಮಗ್ರಿಗಳು ಅವರ ಕೈಗೆಟಕುವ ಎತ್ತರದಲ್ಲಿವೆಯೇ, ಗಂಟೆ ಬಾರಿಸಿ ತಡೆಯದೆ ಎರಡು ಮೂರು ತಾಸು ಕೆಲಸ ಮಾಡಲು ಬಿಡುತ್ತಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಹೊಳೆಯುವ ಸಾಮಗ್ರಿಗಳು ಮಕ್ಕಳಿಗಾಗಿ ಇಟ್ಟವಲ್ಲ.

ಕೊಡಗಿನಲ್ಲಿ ಇನ್ನೂ ಕೆಲವು ವಿಷಯಗಳನ್ನು ವಿಚಾರಿಸಲೇಬೇಕಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಬಿಡದೆ ಹೊಡೆಯುವಾಗ ಹೊರಾಂಗಣ ಕಲಿಕೆಯೆಂಬುದು ಏನಾಗುತ್ತದೆ, ಒದ್ದೆ ಬಟ್ಟೆ ಬದಲಿಸಲು ಜಾಗವಿದೆಯೇ, ರೇನ್‌ಕೋಟು ಗಂಬೂಟು ತೊಡಿಸಿ ಸ್ವಲ್ಪ ಹೊತ್ತಾದರೂ ಹೊರಗೆ ಕರೆದೊಯ್ಯುತ್ತಾರೆಯೇ ಎಂದು ತಿಳಿಯಲು, ಸಾಧ್ಯವಾದರೆ ಮಗುವನ್ನು ಸೇರಿಸುವುದಕ್ಕೆ ಹಿಂದಿನ ವರ್ಷದ ಜುಲೈನಲ್ಲೇ ಶಾಲೆಗೆ ಹೋಗಿಬರುವುದು ಒಳ್ಳೆಯದು. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ, ಕಟ್ಟಡದ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಹೇಗಿದೆ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ. ತೋಟದ ದಾರಿಗಳಲ್ಲಿ ಕಾಡಾನೆಗಳು ಓಡಾಡುವ ಸಿದ್ದಾಪುರದಂತಹ ಕಡೆ ವ್ಯಾನು ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬರುತ್ತದೆ ಎಂಬುದೂ ಅಷ್ಟೇ ಮುಖ್ಯ. ನಾಲ್ಕು ವರ್ಷದ ಮಗು ದಿನವೂ ಘಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಪಯಣಿಸಿ ಸೇರುವ ಅತ್ಯುತ್ತಮ ಶಾಲೆಗಿಂತ, ಹತ್ತಿರದ ಸಾಧಾರಣ ಶಾಲೆಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ದುಬಾರಿ ಸಾಮಗ್ರಿಗಳಿಲ್ಲವೆಂದು ಶಾಲೆಯನ್ನು ತಳ್ಳಿಹಾಕಬೇಡಿ. ಕರಿಮೆಣಸಿನ ಕಾಳುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವುದು, ಕಾಫಿ ಹಣ್ಣನ್ನು ಹಿಸುಕಿ ಒಳಗಿನ ಎರಡು ಬೀಜಗಳನ್ನು ಕಂಡುಕೊಳ್ಳುವುದು, ಕಿತ್ತಳೆಯ ತೊಳೆಗಳನ್ನು ಎಣಿಸಿ ಹಂಚುವುದು, ಇವೆಲ್ಲ ಬೆರಳಿಗೂ ಬುದ್ಧಿಗೂ ಒಟ್ಟಿಗೆ ಕೆಲಸ ಕೊಡುತ್ತವೆ. ಭಾಷೆಯ ವಿಷಯವೂ ಹೀಗೆಯೇ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ ಅಥವಾ ಕನ್ನಡ ಆಡುವ ಮಕ್ಕಳು ಒಂದೇ ಕೋಣೆಗೆ ಬರುತ್ತಾರೆ. ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ತನ್ನ ಮಾತನ್ನಾಡಿದ್ದಕ್ಕೆ ಮಗುವಿನ ಬಾಯಿ ಮುಚ್ಚಿಸುವ ಶಾಲೆ ಮಗುವನ್ನು ಅನುಸರಿಸುವ ಶಾಲೆಯಾಗಲಾರದು.

ಒಂದನೇ ತರಗತಿಯಿಂದ ಮುಂದಕ್ಕೂ ಅಲ್ಲಿಯೇ ಓದಿಸುವುದಾದರೆ ಮಾನ್ಯತೆಯ ಪತ್ರವನ್ನು ನೋಡಿ. ಅನುಮಾನವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವಂತಿಗೆಯನ್ನೂ, ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸುವುದನ್ನೂ, ದೈಹಿಕ ಶಿಕ್ಷೆಯನ್ನೂ ನಿಷೇಧಿಸಿದೆ. ಹತ್ತನೇ ತರಗತಿಯ ಪರೀಕ್ಷೆಯನ್ನು ಯಾವ ಮಂಡಳಿಯ ಮೂಲಕ ಬರೆಸುತ್ತಾರೆ ಎಂಬುದು ಸ್ಪಷ್ಟವಾಗಿರಲಿ. ಕೆಲವು ಪರ್ಯಾಯ ಶಾಲೆಗಳು 14 ವರ್ಷ ತುಂಬಿದವರಿಗೆ ಅವಕಾಶವಿರುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯನ್ನು ಅವಲಂಬಿಸುತ್ತವೆ. ಈಗಿರುವ ಮಕ್ಕಳ ಪೋಷಕರಿಗಿಂತ, ಮಕ್ಕಳನ್ನು ಅಲ್ಲಿಂದ ಬಿಡಿಸಿ ಬೇರೆಡೆಗೆ ಸೇರಿಸಿದ ಪೋಷಕರ ಮಾತಿನಿಂದ ಹೆಚ್ಚು ತಿಳಿಯುತ್ತದೆ.

ಕೊನೆಯ ವಿಚಾರಣೆ ಮನೆಯೊಳಗೆ ನಡೆಯಬೇಕು. ನೆರೆಮನೆಯ ಮಗು ಕಾಪಿ ಪುಸ್ತಕ ತುಂಬಿಸುತ್ತಿರುವಾಗ ನಮ್ಮ ಮಗು ನೀರು ಸುರಿಯುವುದನ್ನು, ಅಂಗಿಯ ಗುಂಡಿ ಹಾಕುವುದನ್ನು ಕಲಿಯುತ್ತಿದೆ ಎಂಬುದನ್ನು ತಂದೆ, ತಾಯಿ, ಅಜ್ಜಿ, ತಾತ ಎಲ್ಲರೂ ಒಪ್ಪಿಕೊಂಡಿದ್ದಾರೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೂತು ಮಾತನಾಡಿ. ಒಪ್ಪಿಗೆಯಿಲ್ಲದಿದ್ದರೆ, ಅವರನ್ನೂ ಒಂದು ಬೆಳಿಗ್ಗೆ ಆ ತರಗತಿಗೆ ಕರೆದುಕೊಂಡು ಹೋಗಿ.