ಗಂಟು ಇಡಲು ಒಂದು ಜಾಗ

ತುಂಗೆ ಏರಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ಶಿವಮೊಗ್ಗದ ಜನ ಸೇತುವೆಯ ಮೇಲೆ ನಿಂತು ಹೊಳೆ ನೋಡುತ್ತಾರೆ. ನನಗೆ ಮಾತ್ರ ದಂಡೆಯಲ್ಲಿ ಮಲಗುತ್ತಿದ್ದವರು ಆ ರಾತ್ರಿ ಎಲ್ಲಿಗೆ ಹೋದರೋ ಎಂಬ ಚಿಂತೆ. ವಸತಿರಹಿತರ ಆಶ್ರಯ ಕೇಂದ್ರವೊಂದನ್ನು ಕೆಲವು ವರ್ಷ ನೋಡಿಕೊಂಡವನು ನಾನು.

ಮೊದಲ ಮಳೆಗಾಲದಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ ಸುತ್ತಿ ಜನರನ್ನು ಕರೆತಂದು, ಬಾಗಿಲಲ್ಲೇ ನಿಲ್ಲಿಸಿ ನೋಂದಣಿ ಪುಸ್ತಕ ತೆರೆಯುತ್ತಿದ್ದೆ. ಹೆಸರೇನು, ಊರು ಯಾವುದು, ಮನೆಯವರು ಎಲ್ಲಿ, ಯಾಕೆ ಬಿಟ್ಟು ಬಂದಿರಿ? ಬೆಳಗಾಗುವಷ್ಟರಲ್ಲಿ ಅರ್ಧ ಜನ ಹೊರಟುಹೋಗಿರುತ್ತಿದ್ದರು. ಒಬ್ಬ ಅಜ್ಜಿಯಂತೂ ಒಳಗೆ ಕಾಲಿಡಲೇ ಇಲ್ಲ. ‘ತಮ್ಮಾ, ಮಲಗುವುದು ಇರಲಿ, ನನ್ನ ಗಂಟನ್ನು ಎಲ್ಲಿ ಇಡಲಿ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಬೀದಿಯಲ್ಲಿ ಮಲಗುವವರಿಗೆ ಮೊದಲ ಭಯ ಕಳ್ಳತನದ್ದು. ಸೀರೆ, ಔಷಧ ಚೀಟಿ, ಮಗನ ಹಳೆಯ ಫೋಟೊ, ಎಲ್ಲವೂ ಆ ಗಂಟಿನಲ್ಲೇ ಇರುತ್ತವೆ.

ಆ ತಿಂಗಳೇ ಬೀಗವಿರುವ ಕಪಾಟು ಮಾಡಿಸಿ, ಬೀಗದ ಕೈಯನ್ನು ಅವರವರ ಕೈಗೇ ಕೊಟ್ಟೆವು. ಪ್ರಶ್ನೆಗಳನ್ನು ಮೂರನೆಯ ದಿನಕ್ಕೆ ಮುಂದೂಡಿದೆವು. ಮೊದಲು ಬಿಸಿನೀರು, ಊಟ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿದೆವು. ಮಲೆನಾಡಿನ ಜುಲೈಯಲ್ಲಿ ಒಣ ಬಟ್ಟೆಯಿಲ್ಲದೆ ಕೂಲಿಗೆ ಹೋಗುವವನು ವಾರದೊಳಗೆ ಜ್ವರ ಹಿಡಿದು ಮಲಗುತ್ತಾನೆ.

ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರತಿ 1 ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರ ಕಾಯಂ ಆಶ್ರಯ, ಒಬ್ಬರಿಗೆ 50 ಚದರ ಅಡಿ ಜಾಗ, ಹಗಲೂ ರಾತ್ರಿಯೂ ತೆರೆದ ಬಾಗಿಲು ಎಂದು ಬರೆದಿತ್ತು. ಕೊನೆಯ ಮಾತೇ ಮುಖ್ಯ. ಬೆಳಿಗ್ಗೆ ಏಳಕ್ಕೆ ಎಲ್ಲರನ್ನೂ ಹೊರಗೆ ಕಳಿಸಿದರೆ ಕಾಯಿಲೆಯವರು ಎಲ್ಲಿಗೆ ಹೋಗಬೇಕು?

ಅಜ್ಜಿ ಎರಡನೆಯ ಸಲ ತಾವಾಗಿಯೇ ಬಂದರು. ತೀರ್ಥಹಳ್ಳಿ ಕಡೆ ವರ್ಷಗಟ್ಟಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದವರು. ವಯಸ್ಸು 65 ದಾಟಿತ್ತು, ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳಿಗೆ 1,200 ರೂಪಾಯಿ ಪಿಂಚಣಿ ಅವರಿಗೆ ಸಿಗಬೇಕಿತ್ತು. ಆದರೆ ಆಧಾರ್ ಇಲ್ಲ. ಅದಿಲ್ಲದ್ದರಿಂದ ಶಕ್ತಿ ಯೋಜನೆಯ ಉಚಿತ ಬಸ್ಸೂ ಇಲ್ಲ. ನೋಂದಣಿಗೆ ಕೂರಿಸಿದರೆ ಯಂತ್ರ ಬೆರಳನ್ನು ಹಿಡಿಯಲಿಲ್ಲ. ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿತ್ತು, ಉಗುರಿನ ಸಂದಿಯಲ್ಲಿ ಅಡಿಕೆಯ ಕರೆ ಇನ್ನೂ ಕಪ್ಪಗೆ ಕೂತಿತ್ತು. ಅಜ್ಜಿ ಆ ಬೆರಳನ್ನು ಸೆರಗಿಗೆ ಉಜ್ಜಿ ಉಜ್ಜಿ ಮತ್ತೆ ಒತ್ತುತ್ತಿದ್ದರು, ತಪ್ಪು ತಮ್ಮದೇ ಎಂಬಂತೆ. ನೋಡಲಾಗಲಿಲ್ಲ.

ಕಣ್ಣಿನ ಪಾಪೆಯ ಗುರುತು ಕೊಟ್ಟು ಬಂದೆವು. ಅರ್ಜಿ ತಿರಸ್ಕೃತವಾಯಿತು. ಇದೇ ವ್ಯಕ್ತಿಗೆ ಈಗಾಗಲೇ ಆಧಾರ್ ಇದೆ ಎಂಬ ಕಾರಣಕ್ಕೆ! ಹಾಗೆ ತಿರಸ್ಕಾರವಾದರೆ ಎದೆಗುಂದಬೇಡಿ, ಹಳೆಯ ಸಂಖ್ಯೆ ಎಲ್ಲೋ ಇದೆ ಎಂದು ಅರ್ಥ. ಅದನ್ನು ಹುಡುಕಿಸಿದೆವು. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಭಾವಚಿತ್ರವಿರುವ ಪ್ರಮಾಣಪತ್ರ ಕೊಡಬಹುದು. ಅದರ ಮೇಲೆ ವಿಳಾಸವನ್ನು ಕೇಂದ್ರಕ್ಕೆ ಬದಲಿಸಿದೆವು. ಒಂದು ಕಚೇರಿಯಲ್ಲಿ ‘ಆಶ್ರಯ ಕೇಂದ್ರ ಮನೆ ಹೇಗಾಗುತ್ತದೆ?’ ಎಂದು ಮೂರು ಸಲ ಅಲೆದಾಡಿಸಿದರು. ನಾಲ್ಕನೆಯ ಸಲ ಅಜ್ಜಿಯನ್ನೇ ಎದುರಿಗೆ ಕೂರಿಸಿದೆ, ಕೆಲಸವಾಯಿತು.

ಮನಸ್ಸಿನ ಕಾಯಿಲೆಯಿಂದ ಅಲೆಯುವವರ ವಿಷಯ ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಅವರನ್ನು ರಕ್ಷಿಸಿ ಆಸ್ಪತ್ರೆಗೆ ತಲುಪಿಸುವ ಹೊಣೆಯನ್ನು ಪೊಲೀಸರಿಗೆ ಕೊಟ್ಟಿದೆ. ನಾನು ಠಾಣೆಗೆ ಆ ಸೆಕ್ಷನ್ನಿನ ಪ್ರತಿ ಇಟ್ಟುಕೊಂಡೇ ಹೋಗುತ್ತಿದ್ದೆ. ಭಿಕ್ಷುಕರೆಂದು ವ್ಯಾನಿಗೆ ತುಂಬುವುದು ಚಿಕಿತ್ಸೆಯಲ್ಲ.

ಅಜ್ಜಿಗೆ ಪಿಂಚಣಿ ಬಂದ ಮೇಲೂ ಕೋಣೆ ಸುಲಭವಾಗಿ ಸಿಗಲಿಲ್ಲ. 1,200 ರೂಪಾಯಿಗೆ ಶಿವಮೊಗ್ಗದಲ್ಲಿ ಬಾಡಿಗೆ ಎಲ್ಲಿದೆ? ಒಂಟಿ ಮುದುಕಿ ಎಂದರೆ ಮಾಲೀಕರು ಬಾಗಿಲಲ್ಲೇ ಇಲ್ಲ ಎನ್ನುತ್ತಿದ್ದರು. ಕೊನೆಗೆ ಅಜ್ಜಿಯ ಜೊತೆಗೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಇನ್ನೊಬ್ಬ ಅಕ್ಕನನ್ನು ಸೇರಿಸಿ, ಒಂದೇ ಕೋಣೆ ಹಿಡಿದು, ಮುಂಗಡಕ್ಕೆ ನಾವೇ ಜಾಮೀನು ನಿಂತೆವು. ಒಂದು ವರ್ಷ ತಿಂಗಳಿಗೊಮ್ಮೆ ಬಂದು ಹೋಗುತ್ತೇವೆ ಎಂದು ಮಾಲೀಕರಿಗೆ ಮಾತು ಕೊಟ್ಟೆ. ಮೊದಲ ತಿಂಗಳು ಹೋದಾಗ ಗಂಟು ಬಿಚ್ಚಿತ್ತು, ಸೀರೆಗಳು ಗೂಟದ ಮೇಲಿದ್ದವು.